ಒಂದೇ ಗರಿಯಿಂದ ಬಾತುಕೋಳಿ ಗುರುತಿಸುವುದು: ಗದಗ ಜಿಲ್ಲೆಯ ಕೆರೆದಂಡೆಯ ಒಂದು ಪ್ರಕರಣ

ಜನವರಿ ಕೊನೆಯ ವಾರ, ಗದಗ ಜಿಲ್ಲೆಯ ಒಂದು ನೀರಾವರಿ ಕೆರೆ. ನೀರು ಹಿಂದೆ ಸರಿದು ಬಿರುಕುಬಿಟ್ಟ ಎರೆಮಣ್ಣಿನ ಮೇಲೆ, ಒಣಗಿದ ಪಾಚಿಯ ನಡುವೆ ಒಂದು ಗರಿ. ಮೇಲ್ಮೈಯ ಒಂದು ಪಕ್ಕದಲ್ಲಿ ಹಸಿರು ಹೊಳಪು, ಅದರ ಕೆಳಗೆ ಕಪ್ಪು ಪಟ್ಟೆ, ತುದಿಯಲ್ಲಿ ಬಿಳಿ. ಸುತ್ತಮುತ್ತ ಬೇರೆ ಗರಿ ಇಲ್ಲ, ರಕ್ತವಿಲ್ಲ, ಮೂಳೆಯಿಲ್ಲ. ಅದೇ ಹೊತ್ತಿಗೆ ಕೆರೆಯಲ್ಲಿದ್ದ ಹಕ್ಕಿಗಳು: ಸೂಜಿಬಾಲದ ಬಾತು (ಪಿನ್‌ಟೇಲ್), ಚಮಚದಂಥ ಕೊಕ್ಕಿನ ಶೊವೆಲರ್, ಬಿಳಿಹುಬ್ಬಿನ ಗಾರ್ಗನಿ, ನಮ್ಮಲ್ಲೇ ನೆಲೆಸಿರುವ ಚುಕ್ಕೆಕೊಕ್ಕಿನ ಬಾತು (ಸ್ಪಾಟ್‌ಬಿಲ್), ಸಿಳ್ಳೆಬಾತು, ಕಾವಿಬಣ್ಣದ ರಡ್ಡಿ ಶೆಲ್ಡಕ್, ಮತ್ತು ಚಳಿಗಾಲದಲ್ಲಿ ಮಾಗಡಿ ಕೆರೆಯನ್ನು ತುಂಬುವ ಪಟ್ಟೆತಲೆ ಹೆಬ್ಬಾತು. ಇವುಗಳಲ್ಲಿ ಯಾವುದರ ಗರಿ ಇದು?

ಮೊದಲು ಬಂದದ್ದು ಎರಡು ಫೋಟೊ ಮತ್ತು ಎರಡು ಉತ್ತರ. ಫೋನಿನ ಒಂದು ಆ್ಯಪ್ ‘ಮಲಾರ್ಡ್’ (ಗಂಡಿಗೆ ಹಸಿರು ತಲೆಯಿರುವ ಕಾಡುಬಾತು) ಎಂದಿತ್ತು. ಫೋಟೊ ನೋಡಿದವರೊಬ್ಬರು ‘ರಡ್ಡಿ ಶೆಲ್ಡಕ್’ ಎಂದಿದ್ದರು. ಎರಡೂ ತಪ್ಪು. ತಪ್ಪಿನ ಕಾರಣಗಳೇ ಈ ಪ್ರಕರಣದಲ್ಲಿ ಹೆಚ್ಚು ಕಲಿಸುವಂಥವು, ಹಾಗಾಗಿ ಅವನ್ನು ಬಿಡಿಸಿ ನೋಡುತ್ತ ಹೋಗೋಣ.

ಒಂದು ರೂಪಾಯಿ ನಾಣ್ಯ ಮಾಡಿದ ಎಡವಟ್ಟು

ಫೋಟೊದಲ್ಲಿ ಗರಿಯ ಪಕ್ಕ ಅಳತೆಗೆಂದು ಒಂದು ರೂಪಾಯಿ ನಾಣ್ಯ ಇಡಲಾಗಿತ್ತು. ಗರಿಯ ಉದ್ದ ನಾಣ್ಯದ ಅಗಲದ 5.7 ಪಟ್ಟು. ತೊಂದರೆ ಏನೆಂದರೆ ಚಲಾವಣೆಯಲ್ಲಿರುವ ಒಂದು ರೂಪಾಯಿ ನಾಣ್ಯ ಒಂದೇ ಅಳತೆಯದಲ್ಲ. ಹಳೆಯ ಸ್ಟೀಲ್ ನಾಣ್ಯ 25 ಮಿ.ಮೀ., 2011ರ ಸರಣಿಯದು 22 ಮಿ.ಮೀ., 2019ರ ಸರಣಿಯದು 20 ಮಿ.ಮೀ. ನಾಣ್ಯ ಹಳೆಯದೆಂದುಕೊಂಡರೆ ಗರಿ 14.2 ಸೆಂ.ಮೀ. ಆಗುತ್ತದೆ. ನಡುವಿನದಾದರೆ 12.5, ಹೊಸದಾದರೆ 11.4. ಈ ಮೂರು ಅಂಕಿಗಳೂ ಮೂರು ಬೇರೆ ಹಕ್ಕಿಗಳ ಕಡೆಗೆ ಕೈತೋರಿಸುತ್ತವೆ. 14ರ ಮೇಲೆ ಹೋದರೆ ಪಿನ್‌ಟೇಲ್‌ಗೆ ಉದ್ದವಾಯಿತು ಎಂದು ಮನಸ್ಸು ದೊಡ್ಡ ಹಕ್ಕಿಯ ಕಡೆ ವಾಲುತ್ತದೆ. ಶೆಲ್ಡಕ್ ಎಂಬ ಉತ್ತರ ಹುಟ್ಟಿದ್ದು ಹೀಗೆ.

ಮರುದಿನ ಅದೇ ಜಾಗದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಅಳೆದಾಗ ಸಿಕ್ಕಿದ್ದು 12.6 ಸೆಂ.ಮೀ. ಗರಿ ಸ್ವಲ್ಪ ಬಾಗಿರುತ್ತದೆ. ಅದನ್ನು ಸ್ಕೇಲಿನ ಮೇಲೆ ಮೆಲ್ಲಗೆ ಚಪ್ಪಟೆಯಾಗುವಷ್ಟೇ ಒತ್ತಿ, ಬುಡದ ಕೊಳವೆಯ ಕೊನೆಯಿಂದ ತುದಿಯ ಅತಿ ದೂರದ ಬಿಂದುವಿನವರೆಗೆ ಅಳೆಯಬೇಕು. ಬಾಗು ಹಾಗೇ ಬಿಟ್ಟರೆ ಕೆಲವು ಮಿ.ಮೀ. ಕಡಿಮೆ ಬರುತ್ತದೆ. ಎಳೆದು ಹಿಡಿದರೆ ದಂಟು ಬಿರುಕು ಬಿಡುತ್ತದೆ. ಸ್ಕೇಲ್ ಗರಿಯ ಮಟ್ಟದಲ್ಲೇ ಇರಬೇಕು. ಮಣ್ಣಿನ ಹೆಂಟೆಯ ಮೇಲೆ ಗರಿ, ಕೆಳಗೆ ಸ್ಕೇಲ್ ಇಟ್ಟು ಹತ್ತಿರದಿಂದ ಫೋಟೊ ತೆಗೆದರೆ ಗರಿ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕ್ಯಾಮೆರಾ ನೇರ ಮೇಲಿನಿಂದ, ಸಾಧ್ಯವಾದಷ್ಟು ದೂರದಿಂದ ನೋಡಲಿ.

ಈ ಅಳತೆಗಿಂತ ಮೊದಲು ಮಾಡಬೇಕಾದ ಇನ್ನೊಂದು ಕೆಲಸವಿದೆ: ಕೈಗವಸು ಹಾಕಿಕೊಳ್ಳುವುದು. ಕಾಡುಬಾತುಗಳು ಹಕ್ಕಿಜ್ವರದ ವೈರಸ್ಸನ್ನು ಹೊತ್ತು ತಿರುಗಬಲ್ಲವು. ಬರಿಗೈಯಲ್ಲಿ ಮುಟ್ಟಿದರೆ ಸೋಪು ಹಚ್ಚಿ ತೊಳೆಯಬೇಕು. ಮನೆಯಲ್ಲಿ ಕೋಳಿ ಸಾಕಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು. ಗರಿಯನ್ನು ಮನೆಗೆ ಒಯ್ಯುವುದಂತೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಟ್ರೋಫಿ’ ಎಂಬುದರ ವಿವರಣೆಯಲ್ಲಿ ಕೊಂಬು, ಉಗುರು, ಹಲ್ಲಿನ ಜೊತೆಗೆ ಗರಿಯೂ ಸೇರಿದೆ. ಬೇಕಾದ್ದೆಲ್ಲ ಕೆರೆದಂಡೆಯಲ್ಲೇ ಅಳೆದು, ಫೋಟೊ ತೆಗೆದು, ಗರಿಯನ್ನು ಇದ್ದಲ್ಲೇ ಬಿಟ್ಟು ಬರಬಹುದು. ಈ ಪ್ರಕರಣದಲ್ಲಿ ಮಾಡಿದ್ದೂ ಅದನ್ನೇ.

ಇದು ರೆಕ್ಕೆಯ ಯಾವ ಗರಿ?

ಬಣ್ಣ ನೋಡಿ ಹಕ್ಕಿಯ ಹೆಸರು ಹುಡುಕುವ ಮೊದಲು ಗರಿ ದೇಹದ ಯಾವ ಭಾಗದ್ದು ಎಂಬುದು ತೀರ್ಮಾನವಾಗಬೇಕು. ಇದನ್ನು ಬಿಟ್ಟು ಮುಂದೆ ಹೋದವರು ಸಾಮಾನ್ಯವಾಗಿ ದಾರಿ ತಪ್ಪುತ್ತಾರೆ.

ಗರಿಯನ್ನು ತಿರುಗಿಸಿದರೆ ದಂಟಿನ ಒಂದು ಬದಿಯಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ಗೆರೆ ಸಿಗುತ್ತದೆ. ಅದು ಕೆಳಮೈ. ಮೇಲ್ಮೈ ನಮ್ಮ ಕಡೆ, ತುದಿ ಮೇಲಕ್ಕೆ ಇರುವಂತೆ ಹಿಡಿದಾಗ ದಂಟಿನ ಎರಡು ಬದಿಯ ಹಾಳೆಗಳಲ್ಲಿ ಒಂದು ಕಿರಿದು, ಇನ್ನೊಂದು ಅಗಲ. ಕಿರಿದಾದದ್ದು ಹೊರಹಾಳೆ. ಅದು ಎಡಕ್ಕಿದ್ದರೆ ಬಲರೆಕ್ಕೆಯ ಗರಿ, ಬಲಕ್ಕಿದ್ದರೆ ಎಡರೆಕ್ಕೆಯದು. ಈ ಗರಿಯಲ್ಲಿ ಹೊರಹಾಳೆ ಎಡಕ್ಕಿತ್ತು, ಹಾಗಾಗಿ ಬಲರೆಕ್ಕೆ.

ಬಾತಿನ ರೆಕ್ಕೆಯ ತುದಿಯ ಹತ್ತು ದೊಡ್ಡ ಗರಿಗಳು ಪ್ರೈಮರಿ. ಅವು ಬಿರುಸು, ಚೂಪು, ಹೊರಹಾಳೆ ಬಹಳ ಕಿರಿದು. ಮೊಣಕೈಯ ಕಡೆಗಿನ ಸಾಲು ಸೆಕೆಂಡರಿ. ಅವು ಗಿಡ್ಡ, ತುದಿ ಮೊಂಡು, ಹಾಳೆಗಳ ಅಗಲದಲ್ಲಿ ಅಷ್ಟೊಂದು ಅಂತರವಿಲ್ಲ, ದಂಟು ಕತ್ತಿಯಂತೆ ಬಾಗಿರುತ್ತದೆ. ಮೈಗೆ ಹತ್ತಿರದ ಟರ್ಷಿಯಲ್‌ಗಳು ಮೆತ್ತಗೆ, ಉದ್ದಕ್ಕೆ ಇಳಿಬಿದ್ದಂತೆ. ಹಾರುವಾಗ ಮಿಂಚುವ ಆ ಬಣ್ಣದ ಪಟ್ಟೆ, ಸ್ಪೆಕ್ಯುಲಮ್, ಕೂಡುವುದು ಸುಮಾರು ಹತ್ತು ಸೆಕೆಂಡರಿಗಳ ಹೊರಹಾಳೆಗಳಿಂದ. ಒಳಹಾಳೆ ಪಕ್ಕದ ಗರಿಯ ಕೆಳಗೆ ಅಡಗಿರುವುದರಿಂದ ಅದಕ್ಕೆ ಹೊಳಪು ಇರುವುದಿಲ್ಲ.

ನಮ್ಮ ಗರಿಯಲ್ಲಿ ಹೊಳಪು ಹೊರಹಾಳೆಯಲ್ಲಿ ಮಾತ್ರ. ಒಳಹಾಳೆ ಮಂಕಾದ ಬೂದುಕಂದು. ಇದು ಪಟ್ಟೆಗಳ ಜೊತೆ ಸೇರಿ ಗಿಳಿ, ಹುಂಜದ ಬಾಲ, ನವಿಲಿನ ಸಣ್ಣ ಗರಿ, ಮಿಂಚು ಕೆಂಬರಲು ಎಲ್ಲವನ್ನೂ ಬದಿಗೆ ಸರಿಸುತ್ತದೆ. ಅವುಗಳಲ್ಲಿ ಹೊರಹಾಳೆ ಹಸಿರು, ಆಮೇಲೆ ಕಪ್ಪು, ಆಮೇಲೆ ಬಿಳಿ ಎಂಬ ಅಚ್ಚುಕಟ್ಟಾದ ಅಡ್ಡಪಟ್ಟೆಗಳು ಇಲ್ಲ. ಕೆಳಮೈಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ದಂಟಿನ ಪಕ್ಕ, ಒಳಹಾಳೆಯ ಮೇಲೆ, ಮೇಣ ಸವರಿದಂಥ ಒಂದು ಹೊಳಪಿನ ಪಟ್ಟಿ ಕಾಣುತ್ತದೆ. ಬಾತು ಮತ್ತು ಹೆಬ್ಬಾತುಗಳ ಪ್ರೈಮರಿಯಲ್ಲಿ ಇದು ಎದ್ದು ಕಾಣುತ್ತದೆ, ಸೆಕೆಂಡರಿಯಲ್ಲಿ ಮಂದವಾಗಿ. ಇಲ್ಲಿ ಮಂದವಾಗಿ ಇತ್ತು.

ಬುಡದ ತುಪ್ಪಳವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ದಾರಿಯೂ ಇದೆ. ಬಾತುಗಳ ತುಪ್ಪಳದ ಎಳೆಗಳ ತುದಿಯ ಕಡೆ ತ್ರಿಕೋನಾಕಾರದ ಗಂಟುಗಳಿರುತ್ತವೆ. ವಿಮಾನಕ್ಕೆ ಬಡಿದ ಹಕ್ಕಿಗಳನ್ನು ಗರಿಚೂರಿನಿಂದ ಪತ್ತೆಹಚ್ಚುವ ವಿದ್ಯೆಯನ್ನು ಸ್ಮಿತ್ಸೋನಿಯನ್ ಸಂಸ್ಥೆಯ ರಾಕ್ಸಿ ಲೇಬೋರ್ನ್ 1960ರಿಂದ ಬೆಳೆಸಿದ್ದು ಇಂಥ ಗಂಟುಗಳ ಆಧಾರದ ಮೇಲೆಯೇ. ಆದರೆ ಅದು ‘ಇದು ಬಾತಿನ ಕುಟುಂಬ’ ಎಂಬಲ್ಲಿಗೆ ತಂದು ನಿಲ್ಲಿಸುತ್ತದೆ, ಪಿನ್‌ಟೇಲೋ ಸ್ಪಾಟ್‌ಬಿಲ್ಲೋ ಎಂದು ಹೇಳುವುದಿಲ್ಲ. ಇಡೀ ಗರಿ ಕೈಯಲ್ಲಿರುವಾಗ ಆ ಶ್ರಮ ಬೇಕಿಲ್ಲ.

ಪುಸ್ತಕ ಹೇಳುವ ಎರಡು ಗೆರೆ, ಗರಿಯಲ್ಲಿ ಕಾಣುವ ಒಂದು ಗೆರೆ

ಹಕ್ಕಿ ಪುಸ್ತಕಗಳು ಸ್ಪೆಕ್ಯುಲಮನ್ನು ಅದರ ಅಂಚುಗಳ ಸಮೇತ ವಿವರಿಸುತ್ತವೆ. ಸ್ಪಾಟ್‌ಬಿಲ್: ಹಸಿರು, ಮುಂದೆ ಹಿಂದೆ ಕಪ್ಪು ಮತ್ತು ಬಿಳಿ ಗೆರೆ. ಗಾರ್ಗನಿ ಗಂಡು: ಹಸಿರು, ಎರಡೂ ಬದಿ ಅಗಲ ಬಿಳಿ. ಪಿನ್‌ಟೇಲ್ ಗಂಡು: ಕಂಚು ಹಸಿರು, ಮುಂದೆ ಕೆಂಗಂದು ಗೆರೆ, ಹಿಂದೆ ಬಿಳಿ. ಇದನ್ನು ಓದಿದವರು ಗರಿಯಲ್ಲಿ ಎರಡು ಬಿಳಿ ಗೆರೆ ಹುಡುಕುತ್ತಾರೆ, ಒಂದೇ ಸಿಕ್ಕಿದಾಗ ‘ಸ್ಪಾಟ್‌ಬಿಲ್ ಅಲ್ಲ, ಗಾರ್ಗನಿ ಅಲ್ಲ’ ಎಂದು ತೀರ್ಪು ಕೊಡುತ್ತಾರೆ.

ತೀರ್ಪು ತಪ್ಪು. ಮುಂದಿನ ಗೆರೆ ಸೆಕೆಂಡರಿ ಗರಿಯಲ್ಲಿ ಇರುವುದೇ ಇಲ್ಲ. ಅದು ಸೆಕೆಂಡರಿಗಳ ಬುಡವನ್ನು ಮುಚ್ಚುವ ದೊಡ್ಡ ಹೊದಿಕೆ ಗರಿಗಳ, ಅಂದರೆ ಗ್ರೇಟರ್ ಕವರ್ಟ್‌ಗಳ, ತುದಿಯ ಬಣ್ಣ. ಹಾರುವ ಹಕ್ಕಿಯಲ್ಲಿ ಎರಡು ಸಾಲು ಗರಿ ಸೇರಿ ಒಂದೇ ಚಿತ್ರವಾಗಿ ಕಾಣುತ್ತದೆ, ಉದುರಿದ ಗರಿಯಲ್ಲಿ ಅರ್ಧ ಚಿತ್ರ ಮಾತ್ರ ಉಳಿಯುತ್ತದೆ. ಆದ್ದರಿಂದ ಒಂಟಿ ಸೆಕೆಂಡರಿಗೆ ಕೇಳಬಹುದಾದ ಪ್ರಶ್ನೆ ಇಷ್ಟೇ: ಹೊಳಪಿನ ಬಣ್ಣ ಯಾವುದು, ಅದರ ಕೆಳಗೆ ಕಪ್ಪು ಇದೆಯೇ, ತುದಿ ಬಿಳಿಯೇ, ಬಿಳಿ ಎಷ್ಟು ಅಗಲ, ಗರಿ ಎಷ್ಟು ಉದ್ದ. ಪಿನ್‌ಟೇಲನ್ನೂ ಸ್ಪಾಟ್‌ಬಿಲ್ಲನ್ನೂ ದೂರದಿಂದ ಬೇರ್ಪಡಿಸಲು ನೆಚ್ಚಿಕೊಳ್ಳುವ ಮುಂದಿನ ಗೆರೆಯ ಬಣ್ಣ ಇಲ್ಲಿ ನಮ್ಮ ಕೈಯಲ್ಲಿಲ್ಲ. ಈ ಪ್ರಕರಣ ಕಷ್ಟವಾದದ್ದು ಅದಕ್ಕೇ.

ನಮ್ಮ ಗರಿಯ ಹೊರಹಾಳೆಯ ಅಳತೆ: ತುದಿಯ ಬಿಳಿ 8 ಮಿ.ಮೀ., ಅದರ ಮೇಲೆ ಕಪ್ಪು 10 ಮಿ.ಮೀ., ಅದರ ಮೇಲೆ ಹಸಿರು ಹೊಳಪು ಸುಮಾರು 3.5 ಸೆಂ.ಮೀ., ಬುಡದ ಕಡೆ ಬೂದು.

ಒಂದೊಂದೇ ಹಕ್ಕಿ ಹೊರಗೆ

ಬಾತುಗಳಲ್ಲಿ ಸ್ಪೆಕ್ಯುಲಮ್ಮಿನ ಸೆಕೆಂಡರಿ ಗರಿ ಮಡಚಿದ ರೆಕ್ಕೆಯ ಉದ್ದದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ. ಈ ಒರಟು ಲೆಕ್ಕ ಸಾಕಷ್ಟು ಕೆಲಸ ಮಾಡುತ್ತದೆ. 12.6 ಸೆಂ.ಮೀ. ಗರಿ ಅಂದರೆ ರೆಕ್ಕೆ 26ರಿಂದ 28 ಸೆಂ.ಮೀ. ಆಸುಪಾಸು. ಗಾರ್ಗನಿಯ ರೆಕ್ಕೆ 18ರಿಂದ 21 ಸೆಂ.ಮೀ., ಇನ್ನೊಂದು ಪುಟ್ಟ ಬಾತಾದ ಕಾಮನ್ ಟೀಲ್‌ನದು ಅದಕ್ಕಿಂತ ಸ್ವಲ್ಪ ಚಿಕ್ಕದು. ಇಬ್ಬರೂ ಹೊರಗೆ. ಟೀಲ್‌ನಲ್ಲಿ ಹೊರಗಿನ ಸೆಕೆಂಡರಿಗಳು ಕಪ್ಪು, ಒಳಗಿನವು ಹಸಿರು, ಹಿಂದಿನ ಬಿಳಿ ಅಂಚು ತೆಳು, ಅಳತೆಯಿಲ್ಲದೆಯೂ ಅದು ಇಲ್ಲಿ ಹೊಂದುತ್ತಿರಲಿಲ್ಲ. ಹತ್ತಿಬಾತು, ಅಂದರೆ ಕಾಟನ್ ಪಿಗ್ಮಿ ಗೂಸ್, ಗಂಡಿನಲ್ಲಿಯೂ ಹಸಿರು ಹೊಳಪಿನ ಸೆಕೆಂಡರಿಗೆ ಬಿಳಿ ತುದಿಯಿದೆ. ಫೋಟೊದಲ್ಲಿ ಅಳತೆ ಇಲ್ಲದಿದ್ದರೆ ಇದು ಚೆನ್ನಾಗಿಯೇ ಮೋಸ ಮಾಡುತ್ತದೆ. ಆದರೆ ಅದರ ರೆಕ್ಕೆಯೇ 15ರಿಂದ 17 ಸೆಂ.ಮೀ.

ಶೊವೆಲರ್ ಅಳತೆಯಲ್ಲಿ ಸ್ವಲ್ಪ ಹತ್ತಿರ ಬರುತ್ತದೆ, ರೆಕ್ಕೆ 22ರಿಂದ 25 ಸೆಂ.ಮೀ., ಹೊಳಪೂ ಹಸಿರು. ಅದರ ಸ್ಪೆಕ್ಯುಲಮ್ಮಿಗೆ ಬಿಳಿ ಗೆರೆ ಇರುವುದು ಮುಂದೆ, ಕವರ್ಟ್‌ಗಳಲ್ಲಿ. ಹಿಂದಿನ ಅಂಚಿನಲ್ಲಿ ಬಿಳಿ ಇಲ್ಲ ಎನ್ನುವಷ್ಟು ಕಡಿಮೆ. ತುದಿಯಲ್ಲಿ 8 ಮಿ.ಮೀ. ಬಿಳಿ ಇದ್ದ ಮೇಲೆ ಶೊವೆಲರ್ ಆಗಲಾರದು. ಇದರ ತಿರುವುಮುರುವು ಮಾತ್ರ ಯಾವಾಗಲೂ ನಿಜವಲ್ಲ. ಬಿಳಿ ತುದಿ ಇಲ್ಲದ ಗರಿ ಸಿಕ್ಕರೆ ಶೊವೆಲರ್ ಎಂದು ಹಾರಬಾರದು. ಗರಿಗೆ ಗಟ್ಟಿತನ ಕೊಡುವುದರಲ್ಲಿ ಮೆಲನಿನ್ ಬಣ್ಣಕ್ಕೆ ಪಾಲಿದೆ, ಬಿಳಿ ಭಾಗದಲ್ಲಿ ಅದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಹಾರಿದ ಗರಿಯಲ್ಲಿ ಮೊದಲು ಸವೆಯುವುದು ಬಿಳಿಯೇ. ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ ಎಳೆಗಳು ಮುರಿದಿವೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು.

ವಿಜನ್, ಗಡ್ವಾಲ್ ಕೂಡ ವಲಸೆ ಬಾತುಗಳು. ವಿಜನ್ ಗಂಡಿನ ಹಸಿರಿಗೆ ಎರಡೂ ಕಡೆ ಕಪ್ಪು, ತುದಿಯಲ್ಲಿ ಅಗಲ ಬಿಳಿ ಇಲ್ಲ. ಗಡ್ವಾಲ್‌ನ ಒಳಗಿನ ಸೆಕೆಂಡರಿಗಳು ಬಿಳಿ, ಹಸಿರೇ ಇಲ್ಲ. ಸಿಳ್ಳೆಬಾತಿಗೆ ಸ್ಪೆಕ್ಯುಲಮ್ಮೇ ಇಲ್ಲ. ಹೆಬ್ಬಾತಿಗೂ ಅಷ್ಟೇ. ರಡ್ಡಿ ಶೆಲ್ಡಕ್‌ನ ಸೆಕೆಂಡರಿಯ ಹೊರಹಾಳೆ ಚೆಂದದ ಹಸಿರು, ಆದರೆ ತುದಿಯಲ್ಲಿ ಕಪ್ಪು-ಬಿಳಿ ಪಟ್ಟೆಯಿಲ್ಲ, ರೆಕ್ಕೆ 35 ಸೆಂ.ಮೀ. ಸುತ್ತಮುತ್ತ ಇರುವುದರಿಂದ ಗರಿಯೂ ಬಹಳ ದೊಡ್ಡದು. ನಾಣ್ಯದ ಅಳತೆ ತಪ್ಪಿದರೂ ಈ ಪಟ್ಟೆ ನೋಡಿದ್ದರೆ ಶೆಲ್ಡಕ್ ಎಂಬ ಮಾತು ಬರುತ್ತಿರಲಿಲ್ಲ.

ಇನ್ನು ಆ್ಯಪ್ ಹೇಳಿದ ಮಲಾರ್ಡ್. ವಿನ್ಯಾಸ ಸರಿಯಾಗಿ ಕೂಡುತ್ತದೆ: ಹೊಳಪು, ಕಪ್ಪು, ಬಿಳಿ, ಉದ್ದವೂ ಸರಿ. ಬಣ್ಣ ಕೂಡುವುದಿಲ್ಲ. ಮಲಾರ್ಡ್‌ನದು ನೀಲಿ-ನೇರಳೆ. ದಕ್ಷಿಣ ಭಾರತಕ್ಕೆ ಕಾಡು ಮಲಾರ್ಡ್ ಬರುವುದು ಅಪರೂಪ. ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನಮ್ಮ ಊರುಗಳಲ್ಲಿ ಸಾಕುವ ಬಾತುಗಳಲ್ಲಿ ಹೆಚ್ಚಿನವು ಮಲಾರ್ಡ್ ಸಂತತಿಯೇ, ಅವುಗಳಲ್ಲಿ ಹಲವಕ್ಕೆ ಅದೇ ನೀಲಿ ಸ್ಪೆಕ್ಯುಲಮ್ ಉಳಿದಿದೆ. ಕರ್ನಾಟಕದ ಕೆರೆಯಲ್ಲಿ ನೀಲಿ-ನೇರಳೆ ಸೆಕೆಂಡರಿ ಸಿಕ್ಕರೆ ಮೊದಲು ಕೇಳಬೇಕಾದ್ದು ಊರಲ್ಲಿ ಬಾತು ಸಾಕಿದವರು ಯಾರು ಎಂದು.

ಉಳಿದವು ಎರಡು: ಪಿನ್‌ಟೇಲ್ ಗಂಡು, ಸ್ಪಾಟ್‌ಬಿಲ್. ಪಿನ್‌ಟೇಲ್ ಹೆಣ್ಣಿನ ಸ್ಪೆಕ್ಯುಲಮ್ ಮಂಕು ಕಂದು, ಅದು ಮೊದಲೇ ಹೊರಗೆ. ಎರಡಕ್ಕೂ ಕಪ್ಪು, ಬಿಳಿ ಪಟ್ಟೆ. ಎರಡರ ರೆಕ್ಕೆಯೂ 27 ಸೆಂ.ಮೀ. ಹತ್ತಿರ. ಇಲ್ಲಿಂದ ಮುಂದೆ ಸ್ಕೇಲ್ ಏನೂ ಹೇಳದು.

ಋತುವಿನ ವಾದ, ಅದು ಬಿದ್ದುಹೋದ ಬಗೆ

ಮೊದಲು ಬಲವಾಗಿ ಕಂಡದ್ದು ಸ್ಪಾಟ್‌ಬಿಲ್ ಪರವಾದ ವಾದ. ಬಾತುಗಳು ಹಾರುವ ಗರಿಗಳನ್ನು ಒಂದೊಂದಾಗಿ ಅಲ್ಲ, ಮರಿ ಮಾಡಿದ ಮೇಲೆ ಒಮ್ಮೆಗೇ ಉದುರಿಸುತ್ತವೆ. ಮೂರು ನಾಲ್ಕು ವಾರ ಹಾರಲಾಗದೆ ಜೊಂಡಿನಲ್ಲಿ ಅಡಗಿರುತ್ತವೆ. ಪಿನ್‌ಟೇಲ್ ಇದನ್ನು ಮುಗಿಸುವುದು ಬೇಸಿಗೆಯಲ್ಲಿ, ಉತ್ತರದ ತನ್ನ ನಾಡುಗಳಲ್ಲಿ, ನಮ್ಮ ಕಡೆ ಹೊರಡುವ ಮೊದಲು. ಹಾಗಾದರೆ ಜನವರಿಯಲ್ಲಿ ಗದಗಿನಲ್ಲಿ ತಾನಾಗಿ ಉದುರಿದ ಸೆಕೆಂಡರಿ ಇಲ್ಲೇ ಮರಿ ಮಾಡುವ ಸ್ಪಾಟ್‌ಬಿಲ್‌ನದೇ ಆಗಿರಬೇಕು.

ಈ ವಾದದಲ್ಲಿ ‘ತಾನಾಗಿ ಉದುರಿದ’ ಎಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾಗಿತ್ತು. ತಾನಾಗಿ ಉದುರಿದ ಗರಿಯ ಬುಡದ ಕೊಳವೆ ಒಣಗಿ ಸ್ವಚ್ಛವಾಗಿರುತ್ತದೆ, ಕೊನೆ ನುಣುಪು. ನರಿ, ನಾಯಿ, ಕಾಡುಬೆಕ್ಕು ತಿಂದ ಹಕ್ಕಿಯಾದರೆ ದಂಟು ಹಲ್ಲಿನಿಂದ ಕತ್ತರಿಸಿಹೋಗಿರುತ್ತದೆ, ಬುಡವೇ ಸಿಗುವುದಿಲ್ಲ, ಹಲವು ಗರಿಗಳು ಜೊಲ್ಲಿಗೆ ಅಂಟಿಕೊಂಡು ಮುದ್ದೆಯಾಗಿರುತ್ತವೆ. ಬೇಟೆಹಕ್ಕಿ ಕೊಕ್ಕಿನಿಂದ ಕಚ್ಚಿ ಎಳೆದು ಕೀಳುತ್ತದೆ. ಆಗ ಬುಡ ಪೂರ್ತಿ ಬರುತ್ತದೆ, ಆದರೆ ಕೊನೆಯಲ್ಲಿ ಒಣಗಿದ ಚರ್ಮದ ಚೂರು, ದಂಟಿನ ಮೇಲೆ ಚಿವುಟಿದಂಥ ಗುರುತು ಇರಬಹುದು.

ಮರುದಿನದ ಹತ್ತಿರದ ಫೋಟೊದಲ್ಲಿ ಬುಡ ಪೂರ್ತಿಯಾಗಿತ್ತು. ಕೊನೆಯಲ್ಲಿ ಕಂದು ಬಣ್ಣದ ಒಣ ಪೊರೆ ಅಂಟಿತ್ತು. ಬುಡದಿಂದ 3 ಸೆಂ.ಮೀ. ಮೇಲೆ ದಂಟಿನ ಎರಡೂ ಬದಿ ಎದುರುಬದುರಾಗಿ ಸಣ್ಣ ತಗ್ಗು, ಅಲ್ಲಿ ದಂಟು ತುಸು ಮಡಚಿತ್ತು. ಇದು ಕಿತ್ತ ಗರಿ. ಚಳಿಗಾಲದಲ್ಲಿ ಈ ಕೆರೆಗಳ ಮೇಲೆ ಜೌಗು ಸೆಳೆವ, ಪೆರಿಗ್ರಿನ್ ಚಾಣ ಎರಡೂ ಓಡಾಡುತ್ತವೆ. ಎಲ್ಲೋ ದಂಡೆಯಲ್ಲಿ ಕಿತ್ತ ಗರಿಯೊಂದು ಗಾಳಿಗೆ, ನೀರಿಗೆ ತೇಲಿ ಇಲ್ಲಿ ಬಂದು ಸೇರಿರಬಹುದು. ಬೇಟೆಗೆ ಸಿಕ್ಕ ಹಕ್ಕಿ ವಲಸಿಗನೂ ಆಗಬಹುದು, ಊರಿನದೂ ಆಗಬಹುದು. ಋತುವಿನ ವಾದವನ್ನು ಪೂರ್ತಿ ಕೈಬಿಡಬೇಕಾಯಿತು.

ಹಸಿರು ಎತ್ತ ತಿರುಗುತ್ತದೆ

ಉಳಿದದ್ದು ಬಣ್ಣ. ಅದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಈ ಹಸಿರು ಬಳಿದ ಬಣ್ಣವಲ್ಲ. ಗರಿಯ ಅತಿ ಸಣ್ಣ ಎಳೆಗಳೊಳಗೆ ಮೆಲನಿನ್ ಕಣಗಳು ಜೇನುಗೂಡಿನಂತೆ ಆರು ಮೂಲೆಯ ಜೋಡಣೆಯಲ್ಲಿ ಒತ್ತೊತ್ತಾಗಿ ಕೂತಿವೆ. ಆ ಪದರಗಳಿಂದ ಮರಳುವ ಬೆಳಕು ಒಂದರೊಡನೊಂದು ಸೇರಿ ಹಸಿರಾಗಿ ಕಾಣುತ್ತದೆ. ಹಾಗಾಗಿ ನೋಡುವ ಕೋನ ಬದಲಾದರೆ ಬಣ್ಣ ಬದಲಾಗುತ್ತದೆ. ಗರಿ ಒದ್ದೆಯಿದ್ದರೆ, ಮೇಲೆ ಮಣ್ಣಿನ ತೆಳುಪದರ ಇದ್ದರೆ ಕೂಡ ಬದಲಾಗುತ್ತದೆ ಅಥವಾ ಸತ್ತುಹೋಗುತ್ತದೆ. ಸೂರ್ಯನಿಗೆ ಅಡ್ಡ ಹಿಡಿದು ಹಿಂದಿನಿಂದ ಬೆಳಕು ಬಿಟ್ಟರೆ ಹಸಿರು ಮಾಯವಾಗಿ ಬರೀ ಕಂದು ಉಳಿಯುತ್ತದೆ. ಒಂದೇ ಫೋಟೊ ನೋಡಿ ‘ಇದು ಇಂಥ ಹಸಿರು’ ಎನ್ನುವುದಕ್ಕೆ ಬೆಲೆಯಿಲ್ಲ. ಆ್ಯಪ್ ಸೋತದ್ದೂ ಇಲ್ಲಿಯೇ ಇರಬೇಕು: ಮೊದಲ ಫೋಟೊ ನಡುಹಗಲಿನ ನೀಲಿ ಆಕಾಶದ ಕೆಳಗೆ, ಒದ್ದೆ ಗರಿಯದು.

ಸರಿಯಾದ ಕ್ರಮ ಇದು. ಕೆರೆಯ ನೀರಿನಲ್ಲೇ ಮಣ್ಣು ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಲು ಬಿಡಬೇಕು. ಬುಡದಿಂದ ತುದಿಯ ಕಡೆ ಎರಡು ಬೆರಳಿನ ನಡುವೆ ಮೆಲ್ಲಗೆ ಸವರಿದರೆ ಬಿಚ್ಚಿಹೋದ ಎಳೆಗಳ ಕೊಕ್ಕೆಗಳು ಮತ್ತೆ ಕೂಡಿಕೊಳ್ಳುತ್ತವೆ. ಬೂದು ಬಣ್ಣದ ಕಾಗದದ ಮೇಲೆ, ತೆರೆದ ನೆರಳಿನಲ್ಲಿ, ಬೆಳಕು ನಮ್ಮ ಬೆನ್ನಹಿಂದಿನಿಂದ ಬರುವಂತೆ ಇಟ್ಟು, ಗರಿಯನ್ನು ತುದಿಯ ಕಡೆಯಿಂದ ಸ್ವಲ್ಪ ಸ್ವಲ್ಪವೇ ಎತ್ತುತ್ತ ನಾಲ್ಕೈದು ಫೋಟೊ ತೆಗೆಯಬೇಕು. ವೀಡಿಯೊ ಇನ್ನೂ ಒಳ್ಳೆಯದು. ಬಿಳಿ ಕಾಗದ ಬೇಡ, ಫೋನು ಅದಕ್ಕೆ ಹೊಂದಿಕೊಂಡು ಗರಿಯನ್ನು ಕಪ್ಪಾಗಿಸುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ನೋಡಬೇಕಾದ್ದು ಹಸಿರು ಎಷ್ಟು ಗಾಢ ಎಂಬುದನ್ನಲ್ಲ, ಓರೆಯಾದಂತೆ ಅದು ಎತ್ತ ಜಾರುತ್ತದೆ ಎಂಬುದನ್ನು. ಸ್ಪಾಟ್‌ಬಿಲ್‌ನ ಹಸಿರು ಪಚ್ಚೆ ಹೊಳಪಿನದು, ಜಾರಿದರೆ ನೀಲಿಯ ಕಡೆ. ಪಿನ್‌ಟೇಲ್ ಗಂಡಿನದರಲ್ಲಿ ಮೊದಲೇ ಕಂಚು ಬೆರೆತಿರುತ್ತದೆ, ಜಾರಿದರೆ ತಾಮ್ರದ ಕಡೆ. ನಮ್ಮ ಗರಿ ನೇರ ಬೆಳಕಿನಲ್ಲಿ ಆಲಿವ್ ಛಾಯೆಯ ಹಸಿರು. ಎತ್ತಿದಂತೆ ಹಳೆ ಹಿತ್ತಾಳೆ ತಂಬಿಗೆಯ ಬಣ್ಣ, ಇನ್ನೂ ಎತ್ತಿದಾಗ ತಾಮ್ರ, ಕೊನೆಗೆ ಕಂದು. ಐದು ಫೋಟೊಗಳಲ್ಲಿ ಎಲ್ಲಿಯೂ ನೀಲಿ ಬರಲಿಲ್ಲ. ಬೂದುಕಂದು ಒಳಹಾಳೆಯೂ ಪಿನ್‌ಟೇಲ್‌ಗೇ ಹೊಂದುತ್ತದೆ, ಸ್ಪಾಟ್‌ಬಿಲ್‌ನದು ಇದಕ್ಕಿಂತ ಗಾಢ. ಆದರೆ ಬಿಸಿಲಿಗೆ ಕಂದು ಬಿಳಚಿಕೊಳ್ಳುವುದರಿಂದ ಒಳಹಾಳೆಗೆ ಹೆಚ್ಚು ತೂಕ ಕೊಡಲಿಲ್ಲ.

ಹೋಲಿಸಿ ನೋಡಲು ಎರಡು ಸಂಗ್ರಹಗಳು ನೆರವಾದವು. ಅಮೆರಿಕದ ಮೀನು ಮತ್ತು ವನ್ಯಜೀವಿ ಇಲಾಖೆಯ ಫೆದರ್ ಅಟ್ಲಾಸ್‌ನಲ್ಲಿ ಅಳತೆಪಟ್ಟಿಯ ಸಮೇತ ಗರಿಗಳ ಸ್ಕ್ಯಾನ್‌ಗಳಿವೆ. ಪಿನ್‌ಟೇಲ್, ಶೊವೆಲರ್, ಗಡ್ವಾಲ್ ಅಲ್ಲಿಗೂ ಸೇರಿದ ಹಕ್ಕಿಗಳಾದ್ದರಿಂದ ನಮಗೂ ಉಪಯೋಗ. ಸ್ಪಾಟ್‌ಬಿಲ್‌ನಂಥ ನಮ್ಮ ಹಕ್ಕಿಗಳಿಗೆ ಅದು ಸಾಲದು. ಭಾರತದ ಹಕ್ಕಿಗಳಿಗಾಗಿ 2021ರಲ್ಲಿ ಶುರುವಾದ ಫೆದರ್ ಲೈಬ್ರರಿ ಎಂಬ ಸಂಗ್ರಹವಿದೆ. ಯಾವುದೇ ಸ್ಕ್ಯಾನ್ ಹೋಲಿಸುವಾಗ ವಿನ್ಯಾಸ ಮತ್ತು ಅಳತೆಯನ್ನು ನಂಬಬಹುದು, ಹೊಳಪಿನ ಬಣ್ಣವನ್ನು ನಂಬಬಾರದು. ಸ್ಕ್ಯಾನರ್ ಒಂದೇ ಕೋನದಿಂದ ನೋಡುತ್ತದೆ.

ಮರಿಗಾಲದ ಪ್ರಶ್ನೆ ಒಂದು ಉಳಿದಿತ್ತು. ಆ ವರ್ಷ ಹುಟ್ಟಿದ ಪಿನ್‌ಟೇಲ್ ಮೊದಲ ಚಳಿಗಾಲವಿಡೀ ಅದೇ ಮೊದಲ ರೆಕ್ಕೆಗರಿಗಳಲ್ಲೇ ಹಾರುತ್ತದೆ. ಎಳೆ ಗಂಡಿನಲ್ಲಿ ಹೊಳಪು ಮಂಕು, ಪಟ್ಟೆಗಳ ಅಂಚು ಕದಡಿದಂತೆ. ನಮ್ಮ ಗರಿಯಲ್ಲಿ ಕಪ್ಪು-ಬಿಳಿಯ ಗಡಿ ಗೆರೆ ಎಳೆದಂತಿತ್ತು. ಬಿಳಿ ತುದಿ ಅಲ್ಲಲ್ಲಿ ಸವೆದಿತ್ತು, ಉತ್ತರದ ಬೇಸಿಗೆಯ ಕೊನೆಗೆ ಬಂದ ಗರಿ ಐದಾರು ತಿಂಗಳಿಗೆ ಸವೆಯುವಷ್ಟು.

ದಾಖಲೆಯನ್ನು ಮೂರು ಹಂತದ ಖಾತ್ರಿಯಲ್ಲಿ ಬರೆಯಲಾಯಿತು. ಬಾತಿನ ಬಲರೆಕ್ಕೆಯ ಸೆಕೆಂಡರಿ: ಖಚಿತ. ಪಿನ್‌ಟೇಲ್ ಅಥವಾ ಸ್ಪಾಟ್‌ಬಿಲ್, ಬೇರೆ ಅಲ್ಲ: ಖಚಿತ. ಪಿನ್‌ಟೇಲ್, ಬೆಳೆದ ಗಂಡು: ಬಹುಮಟ್ಟಿಗೆ. ಆ ‘ಬಹುಮಟ್ಟಿಗೆ’ ತೆಗೆದುಹಾಕಲು ಗರಿಬುಡದಲ್ಲಿ ಉಳಿದ ಒಣರಕ್ತದಿಂದ ಡಿಎನ್‌ಎ ತೆಗೆಯಬಹುದು, ಆದರೆ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಮತ್ತು ಪ್ರಯೋಗಾಲಯ ಬೇಕು. ಪಿನ್‌ಟೇಲ್ ನೂರಾರು ಸಂಖ್ಯೆಯಲ್ಲಿ ಎದುರಿಗೇ ತೇಲುತ್ತಿದ್ದ ಕೆರೆಯಲ್ಲಿ ಅದರ ಅಗತ್ಯ ಕಾಣಲಿಲ್ಲ. ಜೀವಿಗಳನ್ನು ದಾಖಲಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಸಾಕ್ಷಿಯ ಬಗೆಯನ್ನು ‘ಗರಿ’ ಎಂದು ಗುರುತಿಸಿ, ಸ್ಕೇಲ್ ಇಟ್ಟ ಮೇಲ್ಮೈ ಮತ್ತು ಕೆಳಮೈ, ಬುಡದ ಹತ್ತಿರದ ನೋಟ, ಓರೆಯ ಐದು ಫೋಟೊಗಳನ್ನು ಸೇರಿಸಲಾಯಿತು. ನಾಣ್ಯದ ಫೋಟೊವನ್ನು ಕೈಬಿಟ್ಟಿಲ್ಲ, ಅದರ ಕೆಳಗೆ ನಾಣ್ಯದ ಸರಣಿ 2011, ಅಗಲ 22 ಮಿ.ಮೀ. ಎಂದು ಬರೆದಿದೆ.